ಮಧುಗಿರಿ ಎಕ್ಸ್‌ಚೇಂಜಿನ ಗುರುವಾರಗಳು

ಹೋದ ಆಷಾಢದಲ್ಲಿ ಮಧುಗಿರಿಗೆ ಹೋಗಿದ್ದೆ. ತಂಗಿಯ ಮೊಮ್ಮಗಳ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ತಂಗಿಗೆ ಮಂಡಿನೋವು, ಮಗ ಸೊಸೆಗೆ ಕೆಲಸ; ಹಾಗಾಗಿ ಮನೆಯ ಪರವಾಗಿ ನಾನು ಹೋಗಿ ಕುಳಿತೆ. ವೇದಿಕೆಯ ಮೇಲಿದ್ದ ಯುವ ಅಧಿಕಾರಿಯೊಬ್ಬರು ಮೈಕು ಹಿಡಿದು, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮೊಟ್ಟಮೊದಲ ಬಾರಿಗೆ ಮೇಷ್ಟ್ರುಗಳು, ಮಕ್ಕಳು, ತಂದೆತಾಯಿಗಳು ಮೂವರನ್ನೂ ಒಂದೇ ಜಾಲದಲ್ಲಿ ಸೇರಿಸಿದ್ದೇವೆ ಎಂದರು. ಚಪ್ಪಾಳೆ ಬಿತ್ತು. ನನ್ನ ನಂಬರನ್ನೂ ಕೇಳಿ ಫೋನಿನ ಗುಂಪಿಗೆ ಸೇರಿಸಿಕೊಂಡರು.

ಸಂಜೆ ತಂಗಿಯ ಮನೆಯ ಜಗಲಿಯಲ್ಲಿ ಕುಳಿತು ಗುಂಪು ತೆರೆದೆ. ಯಾರೋ ತಾಯಿಯೊಬ್ಬಳು ಬರೆದಿದ್ದಳು: ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತಿಲ್ಲ, ಮಕ್ಕಳು ಬೆಳಗಿನಿಂದ ಸಂಜೆವರೆಗೆ ತಡೆದುಕೊಂಡಿರುತ್ತಾರೆ, ದಯವಿಟ್ಟು ನೋಡಿ. ಓದಿ ಮುಗಿಸುವಷ್ಟರಲ್ಲಿ ಆ ಮಾತು ಮಾಯವಾಯಿತು. ಅದರ ಜಾಗದಲ್ಲಿ, ಇನ್ನು ಮುಂದೆ ಈ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು ಎಂಬ ಸಾಲು ಬಂತು. ತಂಗಿ ಬಿಸಿಬಿಸಿ ಮುದ್ದೆ ಹಾಕಿ ಕರೆದಳು. ನಾನು ತಟ್ಟೆ ಸರಿಸಿ ಮತ್ತೆ ಫೋನು ನೋಡಿದೆ. ಏನಾಯಿತು ಎಂದು ಅವಳು ಕೇಳಿದಳು. ಏನೂ ಇಲ್ಲ ಎಂದೆ. ಮೊಟ್ಟಮೊದಲ ಬಾರಿಗೆ ಅಂತೆ! ಈ ನಾಲ್ಕು ತಾಲ್ಲೂಕುಗಳನ್ನು ಇದೇ ಕೆಲಸಕ್ಕೆ ನನ್ನ ಕೈಯಾರೆ ಜೋಡಿಸಿದ್ದವಳು ನಾನು. ಅದರ ಬಾಯಿಯನ್ನು ಹೇಗೆ ಮುಚ್ಚಿಸಿದರು ಎಂಬುದೂ ನನಗೆ ಗೊತ್ತು.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಶಿರಾ ಕಡೆಯ ಒಕ್ಕಲು ಮನೆಯವಳು, ಹತ್ತನೇ ಕ್ಲಾಸು ಮುಗಿಸಿ ಪರೀಕ್ಷೆ ಬರೆದು ಕೆಲಸ ಹಿಡಿದಿದ್ದೆ. ಈಗಿನ ಮಕ್ಕಳಿಗೆ ಆಗಿನ ಫೋನು ಹೇಗಿತ್ತೆಂದು ಹೇಳಬೇಕು. ಅದಕ್ಕೆ ನಂಬರು ಒತ್ತುವ ಗುಂಡಿಗಳಿರಲಿಲ್ಲ. ಹಿಡಿ ತಿರುಗಿಸಿದರೆ ನನ್ನ ಮುಂದಿನ ಬೋರ್ಡಿನಲ್ಲಿ ಒಂದು ಪುಟ್ಟ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ಯಾರು ಬೇಕು ಎಂದು ನಾನು ಕೇಳಿ, ಬಳ್ಳಿಯಂಥ ತಂತಿಯ ತುದಿಯನ್ನು ಬೇಕಾದ ತೂತಿಗೆ ಸಿಕ್ಕಿಸಿದರೆ ಇಬ್ಬರ ಮಾತು ಕೂಡುತ್ತಿತ್ತು. ಶಿರಾ, ಕೊರಟಗೆರೆ, ಪಾವಗಡಕ್ಕೆ ನಮ್ಮಿಂದ ಲೈನು. ಅಲ್ಲೆಲ್ಲ ನನ್ನಂಥದೇ ಒಬ್ಬ ಆಪರೇಟರ್. ಅವರಿಂದಾಚೆಗೆ ಹೋಬಳಿಯ ಊರುಗಳಲ್ಲಿ ಎಲ್ಲೋ ಒಂದೊಂದು ಫೋನು. ಶಿರಾದ ಅಮೀರ್ ಸಾಬರನ್ನಾಗಲಿ ಪಾವಗಡದ ಓಬಳೇಶನನ್ನಾಗಲಿ ನಾನು ಕಣ್ಣಿನಲ್ಲಿ ಕಂಡಿರಲಿಲ್ಲ. ಆದರೆ ಹಲೋ ಎಂದ ದನಿಯಲ್ಲೇ ಅವರಿಗೆ ನೆಗಡಿಯೋ ಮನೆಯಲ್ಲಿ ಜಗಳವೋ ಎಂದು ತಿಳಿಯುತ್ತಿತ್ತು.

ಆ ವರ್ಷ ಮುಂಗಾರು ಕಣ್ಣುಮುಚ್ಚಾಲೆ ಆಡುತ್ತಿತ್ತು. ಒಂದು ಹನಿ ಬಿದ್ದರೆ ಲೈನುಗಳೆಲ್ಲ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಸದ್ದು ಮಾಡುತ್ತಿದ್ದವು. ಅಂಥದೊಂದು ಮಧ್ಯಾಹ್ನ ಹೆಣ್ಣುಮಕ್ಕಳ ಹೈಸ್ಕೂಲಿನ ಲೆಕ್ಕದ ಟೀಚರ್ ಪದ್ಮಾವತಿ ಒದ್ದೆ ಕೊಡೆ ಹಿಡಿದು ಬಂದರು. ಬೆಟ್ಟದ ಬುಡದ ಬಾಡಿಗೆ ಕಟ್ಟಡದಲ್ಲಿ ಒಂದು ಟ್ರಸ್ಟಿನವರು ಹಳ್ಳಿಯ ಹುಡುಗಿಯರಿಗಾಗಿ ಹಾಸ್ಟೆಲ್ ನಡೆಸುತ್ತಿದ್ದರು. ಅಲ್ಲಿದ್ದ ರಾಮಾಂಜಿನಿ ಎಂಬ ಹುಡುಗಿ ಎಸ್ಸೆಸ್ಸೆಲ್ಸಿ. ಪಾವಗಡದಾಚೆ, ಆಂಧ್ರದ ಗಡಿಗೆ ತಾಗಿದ ಊರಿನವಳು. ಊಟ ಬಿಟ್ಟಿದ್ದಾಳೆ, ಊರಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ, ಲೆಕ್ಕದಲ್ಲಿ ಮಾತ್ರ ಬೆಂಕಿ ಎಂದು ಟೀಚರ್ ಹೇಳಿದರು. ಅವಳ ತಾಯಿಗೆ ಪತ್ರ ಬರೆದಿದ್ದರಂತೆ. ಊರಿನಲ್ಲಿ ಅದನ್ನು ಓದಿಕೊಟ್ಟವನು, ನಿನ್ನ ಮಗಳು ಫೇಲಾಗಿದ್ದಾಳೆ ಎಂದು ಅರ್ಥ ಹೇಳಿ ಕಳಿಸಿದ್ದನಂತೆ. "ಬರೆಯೋದು ಸಾಕು ಸುಶೀಲಾ," ಎಂದರು. "ನಾನು ಆ ತಾಯಿ ಜೊತೆ ಮಾತಾಡಬೇಕು."

ಓಬಳೇಶನಿಗೆ ಹೇಳಿದೆ. ಗುರುವಾರ ಅವರ ಹೋಬಳಿಯಲ್ಲಿ ಸಂತೆ, ಆಕೆ ಬಂದೇ ಬರುತ್ತಾಳೆ, ಪೋಸ್ಟಾಫೀಸಿನ ಫೋನಿಗೆ ಕರೆಸುತ್ತೇನೆ ಎಂದ. ಇಳಿಮಧ್ಯಾಹ್ನ ಕರೆಗಳು ಕಡಿಮೆ. ಲೈನು ಸರಿಯಿದೆಯೇ ಎಂದು ನಾವು ಆಪರೇಟರುಗಳು ಪರಸ್ಪರ ಮಾತಾಡಿ ನೋಡುವ ಹೊತ್ತು ಅದು. ಆ ಗುರುವಾರ ಅದೇ ನೆಪದಲ್ಲಿ ಲೈನು ಕೂಡಿಸಿದೆವು. ಹೈಸ್ಕೂಲಿನ ದೊಡ್ಡ ಟೀಚರ, ಎಂದರೆ ಹೆಡ್‌ಮಿಸ್ಟ್ರೆಸ್ಸರ, ಕೋಣೆಯಲ್ಲಿ ಫೋನಿನ ಮುಂದೆ ರಾಮಾಂಜಿನಿ, ಪದ್ಮಾವತಿ. ಆ ತುದಿಯಲ್ಲಿ ತಾಯಿ ಅಂಜಿನಮ್ಮ. ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ, "ನಾ ಬಿಡ್ಡ ಎಲ್ಲೈತಮ್ಮಾ? ದನಿ ಬರ್ತೈತೆ, ಮನ್ಷಿ ಕಾಣಲ್ಲ," ಎಂದಿತು ಗಾಬರಿಯ ದನಿ; ನನ್ನ ಕೂಸು ಎಲ್ಲಿ ಎಂದು ಕೇಳುತ್ತಿದ್ದರು. ಮಗಳು ಅಮ್ಮಾ ಎಂದಳು. ಅಲ್ಲಿಂದ ಮುಂದೆ ತೆಲುಗು ಕನ್ನಡ ಎರಡೂ ಕಲಸಿದ ಅಳು. ಕೊನೆಗೆ ಅಂಜಿನಮ್ಮ ಟೀಚರನ್ನು ಕೇಳಿದ್ದು ಒಂದೇ: ನನ್ನ ಮಗಳು ಫೇಲಾಗಿಲ್ಲವೇ? ಪದ್ಮಾವತಿ, ಇಲ್ಲಮ್ಮ, ಅವಳು ಕ್ಲಾಸಿಗೇ ಮೊದಲು ಎಂದರು. ಅಂದು ರಾಮಾಂಜಿನಿ ಉಂಡಳಂತೆ.

ಗೌರಿ ಹಬ್ಬದ ಹೊತ್ತಿಗೆ ಅದು ಗುರುವಾರದ ವಾಡಿಕೆಯೇ ಆಯಿತು. ಗೌಡಗೆರೆ ಕಡೆಯ ತಂದೆತಾಯಿಗಳನ್ನು ಶಿರಾದ ಅಮೀರ್ ಸಾಬರು ಕೂಡಿಸಿಕೊಟ್ಟರು. ಕೊರಟಗೆರೆಯಿಂದ ಗಂಗಣ್ಣ ಎಂಬುವರು ಮಾತಾಡುತ್ತಿದ್ದರು. ಗೊರವನಹಳ್ಳಿಗೆ ಬಸ್ಸಿನಲ್ಲಿ ಬರುವ ಭಕ್ತರಿಗೆ ಹೂವು ಮಾರುವ ಮನುಷ್ಯ. ಮಗಳು ಒಂಬತ್ತನೇ ಕ್ಲಾಸು. ಅವರಿಗೆ ಮಗಳ ಕ್ಷೇಮಕ್ಕಿಂತ ಪಾಠದ ಚಿಂತೆಯೇ ಜಾಸ್ತಿ. "ಅದೇನೋ ಎಕ್ಸು ಎಕ್ಸು ಅಂತಾಳಲ್ಲಮ್ಮ, ಯಾರದು?" ಎಂದು ಒಮ್ಮೆ ಕೇಳಿದರು. ನಿಮಗೆ ಇನ್ನೂ ಗೊತ್ತಾಗದೆ ಇರುವುದೇ ಎಕ್ಸು, ಗೊತ್ತಿರುವುದನ್ನು ಹಿಡಿದು ಅದನ್ನು ಹುಡುಕಬೇಕು ಎಂದು ಪದ್ಮಾವತಿ ವಿವರಿಸಿದರು. "ಅಂಗಾದ್ರೆ ನಮ್ಮನೇಲಿ ಎಲ್ಲಾ ಎಕ್ಸೇ ಕಣಮ್ಮ," ಎಂದು ಗಂಗಣ್ಣ ನಕ್ಕರು. ಮರುವಾರ ಮತ್ತೆ ಅದನ್ನೇ ವಿಚಾರಿಸಿದರು, ಸಿಕ್ಕಿತಾ ಎಂದು.

ಎಂಟನೇ ಕ್ಲಾಸಿನ ಕರಿಯಮ್ಮ ಎಂಬ ಸಣ್ಣ ಹುಡುಗಿಯೂ ಪ್ರತಿ ಗುರುವಾರ ಶಾಲೆಯ ಫೋನಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಅವಳದು ಶಿರಾ ಕಡೆಯ ತಾವರೆಕೆರೆಯಿಂದ ತುಂಬ ಒಳಗಿನ ಕುರಿಗಾರರ ಹಟ್ಟಿ. ಅದಕ್ಕೆ ಹತ್ತಿರದ ಫೋನೆಂದರೆ ದಾರಿಯಲ್ಲಿನ ಊರೊಂದರ ಕಡಲೆಕಾಯಿ ಸಾಹುಕಾರರ ಜಗಲಿಯಲ್ಲಿದ್ದದ್ದು. ಸಾಹುಕಾರರು, ಅದಕ್ಕೇನಂತೆ ಬರಲಿ ಎಂದು ಒಪ್ಪಿದ್ದರು. ಆದರೆ ಅವಳ ಕಡೆಯವರು ಒಮ್ಮೆಯೂ ಸಿಗಲಿಲ್ಲ. ಅಪ್ಪ ಕುರಿ ಹಿಂದೆ ಹೋಗಿರಬೇಕು ಎಂದು ಅವಳೇ ನಮಗೆ ಸಮಾಧಾನ ಹೇಳಿ, ಉಳಿದವರ ಅಮ್ಮಂದಿರ ಮಾತಿಗೆ ಕಿವಿಗೊಟ್ಟು ನಿಂತಿರುತ್ತಿದ್ದಳಂತೆ.

ಬರಬರುತ್ತ ತಂದೆತಾಯಿಗಳು ಬರೀ ಕ್ಷೇಮ ಕೇಳುವುದನ್ನು ಬಿಟ್ಟರು. ಮಕ್ಕಳು ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳತೊಡಗಿದರು. ಸಾರು ಯಾಕೆ ನೀರಿನಂತಿದೆ? ಹುಡುಗಿಯರ ಕೈಲಿ ಟ್ರಸ್ಟಿನ ಕಾರ್ಯದರ್ಶಿಗಳ ಮನೆಯ ಕಸ ಯಾಕೆ ಗುಡಿಸಿಸುತ್ತಾರೆ? ಒಬ್ಬರನ್ನೊಬ್ಬರು ಕಾಣದವರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ತಿಳಿಯದವರು, ಪಾವಗಡದ ಅಮ್ಮ ಏನಂದಳು, ಗೌಡಗೆರೆಯವರು ಏನಂದರು ಎಂದು ನನ್ನನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ಹಿಂಗಾರು ಕಳೆದ ಮೇಲೆ ಒಂದು ಗುರುವಾರ ಎಲ್ಲರೂ ಒಂದೇ ಮಾತು ಕೇಳಿದರು: ಹಾಸ್ಟೆಲಿನ ತೊಟ್ಟಿಯ ನೀರು ನಾರುತ್ತದಂತೆ, ಯಾಕೆ?

ಅದು ಟ್ರಸ್ಟಿನ ಕಾರ್ಯದರ್ಶಿಯ ಕಿವಿಗೆ ಬಿತ್ತು. ಆತ ಬಿಳಿ ಪಂಚೆ, ಬಿಳಿ ಶರಟಿನ ವರ್ತಕ. ಊರಿನ ಸಭೆಗಳಲ್ಲಿ ಮುಂದಿನ ಕುರ್ಚಿ ಆತನದೇ. ದೊಡ್ಡ ಟೀಚರ ಕೋಣೆಗೆ ಬಂದು, ಕುರಿ ಕಾಯುವವರು, ಹೂವು ಮಾರುವವರು ನನ್ನನ್ನು ಕೇಳುವ ಹಾಗಾಯಿತೇ ಎಂದು ಕೂಗಾಡಿದನಂತೆ. ದಾನದ ಅನ್ನ ತಿನ್ನುವವರಿಗೆ ರುಚಿ ಬೇರೆ ಕೇಡು ಎಂದನಂತೆ. ಸಂಕ್ರಾಂತಿ ಕಳೆದ ಕೂಡಲೇ ಶಾಲೆಯ ಫೋನಿಗೆ ಮರದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದರು. ಪೋಷಕರೊಂದಿಗೆ ನೇರ ವ್ಯವಹಾರ ಬೇಡವೆಂದು ಪದ್ಮಾವತಿಗೆ ಎಚ್ಚರಿಕೆ ಸಿಕ್ಕಿತು. ಮುಂದಿನ ಗುರುವಾರ ಅಂಜಿನಮ್ಮ ಸಂತೆ ಬಿಟ್ಟು ಬಂದು ಕಾದಿದ್ದಾರೆಂದು ಓಬಳೇಶ ಹೇಳಿದ. ಶಾಲೆಯ ಲೈನು ಕೊಡಲಾಗುತ್ತಿಲ್ಲ ಎಂದೆ. ಆಕೆ ಹೊತ್ತು ಮುಳುಗುವವರೆಗೆ ಕೂತಿದ್ದು ಹೋದರಂತೆ. ಆ ಹೊತ್ತು ನನಗೆ ಬಂದ ಸಿಟ್ಟು ಈಗಲೂ ಹಾಗೇ ಇದೆ. ಮಕ್ಕಳ ತಾಯಿಯ ಬಾಯಿಗೆ ಬೀಗ ಹಾಕುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಶಿವರಾತ್ರಿಯ ಮುಂಚೆಯೇ ಬಿಸಿಲು ಬಂಡೆ ಕಾಯಿಸತೊಡಗಿತ್ತು. ಒಂದು ಮಧ್ಯಾಹ್ನ ಕಾರ್ಯದರ್ಶಿ ಬೆಂಗಳೂರಿಗೆ, ಟ್ರಸ್ಟಿನ ಅಧ್ಯಕ್ಷರಿಗೆ ಟ್ರಂಕ್ ಕಾಲ್ ಕೇಳಿದ. ಎಲ್ಲೋ ತಂತಿ ಜೋತುಬಿದ್ದು ಲೈನು ತೀರ ಸಣ್ಣಗಿತ್ತು. ಹಾಗಾದಾಗ ನಡುವಿನ ಆಪರೇಟರ್ ಒಬ್ಬರ ಮಾತನ್ನು ಕೇಳಿ ಇನ್ನೊಬ್ಬರಿಗೆ ಗಟ್ಟಿಯಾಗಿ ಹೇಳಬೇಕು. ನಾನು ಹೇಳಬೇಕಾಯಿತು.

ಹಾಸ್ಟೆಲಿನ ಹುಡುಗಿಯರಿಗೆ ಕಾಮಾಲೆ ಹಿಡಿದಿದೆ ಎಂದ. ಹೇಳಿದೆ. ತೊಟ್ಟಿಯ ನೀರೇ ಕಾರಣವಿರಬೇಕು ಎಂದ. ಹೇಳಿದೆ. ಊರುಗಳಿಗೆ ತಿಳಿಸಿಲ್ಲ, ತಿಳಿಸಿದರೆ ಎಲ್ಲರೂ ಬಂದು ಕರೆದುಕೊಂಡು ಹೋಗುತ್ತಾರೆ, ಮುಂದಿನ ವಾರ ಗ್ರಾಂಟಿನವರು ನೋಡಲು ಬಂದಾಗ ಹಾಸ್ಟೆಲ್ ಖಾಲಿಯಿರುತ್ತದೆ ಎಂದ.

"ಏನಮ್ಮಾ, ನಿದ್ದೆ ಬಂತಾ? ಸರಿಯಾಗಿ ಹೇಳು," ಎಂದು ಗದರಿದ.

ಹೇಳಿದೆ. ಅಲ್ಲಿಯವರೆಗೆ ಗೇಟು ಮುಚ್ಚಿರುತ್ತೇನೆ, ಯಾರನ್ನೂ ಒಳಗೆ ಬಿಡುವುದಿಲ್ಲ ಎಂಬುದನ್ನೂ ಹೇಳಿದೆ. ಹಾಗೇ ಮಾಡಿ ಎಂದು ಆ ಕಡೆಯಿಂದ ಬಂತು. ಅದನ್ನೂ ನಾನೇ ಈ ಕಡೆಗೆ ಹೇಳಿದೆ. ನಡುವೆ ಕೂತವಳು ಹೆಂಗಸು, ಅವಳಿಗೆ ಕಿವಿಯಿದೆ, ಆ ಮಕ್ಕಳ ಹೆಸರು ಗೊತ್ತಿದೆ ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ. ಅವರ ಪಾಲಿಗೆ ನಾನು ತಂತಿಯ ಒಂದು ತುಂಡು.

ಕರೆ ಮುಗಿಯಿತು. ಕೂಡಲೇ ಪಾವಗಡದ ತೂತಿಗೆ ತಂತಿ ಸಿಕ್ಕಿಸಿದೆ. ಎಲ್ಲವನ್ನೂ ಓಬಳೇಶನಿಗೆ ಹೇಳಿದೆ. "ಅಕ್ಕಾ, ಇದು ಕೆಲ್ಸ ಹೋಗೋ ಮಾತು," ಎಂದ.

ಗೊತ್ತು ಎಂದೆ.

"ಸರಿ ಬುಡು. ಡ್ಯೂಟಿ ಮುಗೀತಿದ್ದಂಗೆ ಸೈಕಲ್‌ನಾಗೆ ನಾನೇ ಹೋಗಿ ಆಯಮ್ಮಂಗೆ ಹೇಳ್ತೀನಿ."

ಶಿರಾದ ಅಮೀರ್ ಸಾಬರಿಗೂ ಹೇಳಿದೆ. ಗೌಡಗೆರೆಗೆ ಫೋನು ಮಾಡುತ್ತೇನೆ, ತಾವರೆಕೆರೆ ಬಸ್ಸಿನ ಕಂಡಕ್ಟರ್ ಕೈಲಿ ಹಟ್ಟಿಗೂ ಖಬರು ಕಳಿಸುತ್ತೇನೆ ಎಂದರು. ಕೊರಟಗೆರೆಯ ಆಪರೇಟರ್ ಗಂಗಣ್ಣನನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದರು. ಡ್ಯೂಟಿ ಬಿಟ್ಟವಳೇ ನಾನು ಪದ್ಮಾವತಿಯ ಮನೆಗೆ ಹೋದೆ. ಹುಡುಗಿಯರು ಶಾಲೆಗೆ ಬರುತ್ತಿಲ್ಲವೆಂದು ಅವರು ಹಾಸ್ಟೆಲಿಗೆ ಹೋಗಿ ಗೇಟಿನಿಂದಲೇ ಹಿಂದಿರುಗಿದ್ದರು. ಕೇಳಿದ್ದನ್ನೆಲ್ಲ ಅವರಿಗೆ ಹೇಳಿದೆ.

ಮರುದಿನ ಬೆಳಗಿನ ಬಸ್ಸುಗಳಲ್ಲಿ ತಂದೆತಾಯಿಗಳು ಹಾಸ್ಟೆಲಿನ ಗೇಟಿಗೆ ಬಂದರು. ಗಂಗಣ್ಣ ಹೂವಿನ ಖಾಲಿ ಪುಟ್ಟಿಯನ್ನು ಕಂಕುಳಲ್ಲಿ ಹಿಡಿದೇ ಬಂದಿದ್ದರು. ಗೌಡಗೆರೆಯವರು ಒಂದು ಗುಂಪು. ಅಂಜಿನಮ್ಮನನ್ನು ನಾನು ನೋಡಿದ್ದು ಆಗಲೇ. ದನಿಗಿಂತ ಪುಟ್ಟ ಹೆಂಗಸು, ಬರಿಗಾಲು. ಕಾರ್ಯದರ್ಶಿ ಗೇಟಿನ ಒಳಗೆ ನಿಂತು, ಎಲ್ಲವೂ ಸರಿಯಿದೆ, ಪರೀಕ್ಷೆ ಹತ್ತಿರ ಬಂತು, ಮಕ್ಕಳು ಓದುತ್ತಿದ್ದಾರೆ, ಸುಳ್ಳು ಸುದ್ದಿ ಹಬ್ಬಿಸಿದವರು ಯಾರು ಎಂದು ಕೇಳುತ್ತಿದ್ದ. ಗುಂಪಿನಲ್ಲಿ ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೇಳಿದ್ರೇನಯ್ಯಾ," ಎಂದರು ಅಂಜಿನಮ್ಮ. "ನಾ ಬಿಡ್ಡನ್ನ ತೋರ್ಸು. ತೋರ್ಸಿ ಆಮ್ಯಾಲೆ ಮಾತಾಡು."

ಆತ ಮತ್ತೆ ಏನೋ ಹೇಳಲು ಹೊರಟ. ಆಕೆ ಗೇಟಿನ ಸರಳು ಹಿಡಿದು ನಿಂತರು, ಅಲ್ಲಾಡಲಿಲ್ಲ. ಪಕ್ಕದಲ್ಲಿ ಗಂಗಣ್ಣ, ಅವರ ಪಕ್ಕದಲ್ಲಿ ಗೌಡಗೆರೆಯವರು. ಪದ್ಮಾವತಿ ಕ್ಲಾಸು ಬಿಟ್ಟು ಬಂದು ಸೇರಿಕೊಂಡರು. ಬೀದಿಯವರೂ ಸೇರತೊಡಗಿದ ಮೇಲೆ ಕಾವಲಿನ ಮುದುಕ ಯಾರ ಅಪ್ಪಣೆಗೂ ಕಾಯದೆ ಬೀಗ ತೆಗೆದ.

ಒಳಗಿನ ವಾಸನೆಯನ್ನು ನಾನು ಬರೆಯಲಾರೆ. ಚಾಪೆಗಳ ಮೇಲೆ ಸಾಲಾಗಿ ಮಲಗಿದ್ದ ಮಕ್ಕಳ ಕಣ್ಣು, ಉಗುರು ಎಲ್ಲವೂ ಅರಿಸಿನ. ಒಂದು ಮಡಕೆಯಲ್ಲಿ ಅದೇ ತೊಟ್ಟಿಯ ನೀರು. ರಾಮಾಂಜಿನಿ ತಾಯಿಯನ್ನು ನೋಡಿ ಏಳಲು ಹೋಗಿ ಕುಸಿದಳು. ಅಂಜಿನಮ್ಮ ಅಳಲಿಲ್ಲ, ಮಗಳನ್ನು ಬೆನ್ನಿಗೆ ಹಾಕಿಕೊಂಡು ಹೊರಗೆ ನಡೆದೇಬಿಟ್ಟರು. ಒಬ್ಬೊಬ್ಬರಾಗಿ ಎತ್ತಿಕೊಂಡರು. ಮೂಲೆಯ ಚಾಪೆಯಲ್ಲಿ ಕರಿಯಮ್ಮ ಉಳಿದಿದ್ದಳು. ಅವಳ ಕಡೆಯವರು ಯಾರೂ ಬಂದಿರಲಿಲ್ಲ. ಪದ್ಮಾವತಿ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಬಾಡಿಗೆ ವ್ಯಾನಿನಲ್ಲಿ ತುಮಕೂರಿನ ದೊಡ್ಡಾಸ್ಪತ್ರೆಗೆ ಹೋದರು.

ಕಂಡಕ್ಟರ್ ಕಳಿಸಿದ ಸುದ್ದಿ ಹಟ್ಟಿ ಮುಟ್ಟಿತ್ತು. ಆದರೆ ಅಲ್ಲಿ ಮುದುಕರನ್ನು ಬಿಟ್ಟು ಯಾರೂ ಇರಲಿಲ್ಲ. ಕೊಯ್ಲಾದ ಹೊಲಗಳಲ್ಲಿ ಮೇಯಿಸಲು ಕರಿಯಮ್ಮನ ಅಪ್ಪ ಚಿತ್ತಯ್ಯ, ಅಮ್ಮ ಇಬ್ಬರೂ ಮಂದೆ ಹೊಡೆದುಕೊಂಡು ಹಿರಿಯೂರಿನಾಚೆ ಹೋಗಿದ್ದರು. ಯಾವ ಊರಿನ ಯಾವ ಹೊಲದಲ್ಲಿ ಬಿಡಾರ ಎಂದು ಯಾರಿಗೆ ಗೊತ್ತು? ಆ ದಿಕ್ಕಿನಿಂದ ಬಂದ ಬಸ್ಸಿನವರನ್ನೆಲ್ಲ, ಲಾರಿಯವರನ್ನೆಲ್ಲ ಅಮೀರ್ ಸಾಬರು ಕೇಳಿದರು. ನಾನು ಬೋರ್ಡಿನಲ್ಲಿ ಕೂತು, ಶಿರಾದ ಮುಚ್ಚಳ ಬಿದ್ದಾಗಲೆಲ್ಲ ಅದೇ ಸುದ್ದಿಯಿರಬಹುದೆಂದು ಎತ್ತುತ್ತಿದ್ದೆ. ಆ ವಾರ ಕಳೆಯುವುದರೊಳಗೆ ತುಮಕೂರಿನಿಂದ ಪದ್ಮಾವತಿಯ ಕರೆ ಬಂತು. ಕರಿಯಮ್ಮ ಹೋಗಿಬಿಟ್ಟಳು ಎಂದರು. ಉಳಿದ ಮಕ್ಕಳು ಬದುಕಿದರು. ರಾಮಾಂಜಿನಿ ಮಾರ್ಚಿನ ಪರೀಕ್ಷೆಗೆ ಕೂರಲಾಗಲಿಲ್ಲ. ಊರಿನಲ್ಲಿ ಚೇತರಿಸಿಕೊಂಡು ಅಕ್ಟೋಬರಿನಲ್ಲಿ ಬರೆದು ಪಾಸಾದಳು.

ವಿಚಾರಣೆ ನಡೆಯಿತು. ಒಂದು ಮಗು ಸತ್ತ ಮೇಲೆ ವಿಚಾರಣೆ ನಡೆಯದಿರುತ್ತದೆಯೇ? ತೊಟ್ಟಿಯ ಬಗ್ಗೆ ಅಲ್ಲ, ಫೋನಿನ ಬಗ್ಗೆ. ಮೇಲಿನಿಂದ ಬಂದ ಅಧಿಕಾರಿಯೊಬ್ಬರು ಎದುರಿಗೆ ಕೂರಿಸಿಕೊಂಡು, ಗ್ರಾಹಕರ ಖಾಸಗಿ ಮಾತನ್ನು ಕದ್ದು ಕೇಳಿ ಹೊರಗೆ ಬಿಟ್ಟಿದ್ದೀಯ, ಒಪ್ಪುತ್ತೀಯಾ ಎಂದು ಕೇಳಿದರು.

"ನಾನು ಕದ್ದು ಕೇಳಲಿಲ್ಲ ಸಾರ್," ಎಂದೆ. "ನನ್ನ ಬಾಯಿಂದಲೇ ಹೇಳಿಸಿದರು. ನಾನು ಹೇಳಿದ್ದನ್ನು ಇನ್ನೂ ನಾಲ್ಕು ಜನಕ್ಕೆ ಹೇಳಿದೆ."

ಅವರು ತಲೆಯೆತ್ತಲಿಲ್ಲ. ನಿಯಮ ನಿಯಮವೇ ಎಂದರು. ಮಕ್ಕಳಿಗೆ ಆ ನೀರು ಕುಡಿಸಬಾರದೆಂಬ ನಿಯಮ ಇಲ್ಲವೇ ಎಂದು ಕೇಳಿದೆ. ಅದು ನಮ್ಮ ಇಲಾಖೆಯದಲ್ಲ ಎಂದರು. ನನಗೆ ದೂರದ ಜಿಲ್ಲೆಗೆ ವರ್ಗ, ಬಡ್ತಿಗೆ ತಡೆ. ಓಬಳೇಶನಿಗೂ ಅಮೀರ್ ಸಾಬರಿಗೂ ಛೀಮಾರಿ. ಪದ್ಮಾವತಿಯನ್ನು ಪಾವಗಡದ ಕಡೆಯ ಯಾವುದೋ ಮೂಲೆಗೆ ಎಸೆದರು; ಒಳ್ಳೆಯದೇ ಆಯಿತು, ಅಂಜಿನಮ್ಮನ ಕಡೆ ಊಟಕ್ಕೆ ಹೋಗಬಹುದು ಎಂದು ಅವರು ನಕ್ಕರು. ಗ್ರಾಂಟು ಬಂತು. ಯುಗಾದಿಯ ನಂತರದ ಒಂದು ಸಮಾರಂಭದಲ್ಲಿ, ಗ್ರಾಮೀಣ ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದವರೆಂದು ಕಾರ್ಯದರ್ಶಿಗೆ ಶಾಲು ಹೊದಿಸಿದರು. ನಾನು ಹಿಂದೆ ನಿಂತು ನೋಡಿದೆ. ಚಪ್ಪಾಳೆ ಜೋರಾಗಿತ್ತು.

ನಾನು ಮಧುಗಿರಿ ಬಿಡುವ ಮುಂಚಿನ ದಿನ ಎಕ್ಸ್‌ಚೇಂಜಿನ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಚಿತ್ತಯ್ಯ, ಕರಿಯಮ್ಮನ ಅಪ್ಪ. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಫಲಕ ಅಲ್ಲೇ ಇತ್ತು. ಒಳಗೆ ಕರೆದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ಬೋರ್ಡನ್ನು ಬಹಳ ಹೊತ್ತು ನೋಡಿದರು.

"ಎಲ್ಲಾ ಊರ್ಗೂ ಇಲ್ಲಿಂದ್ಲೇ ಸುದ್ದಿ ಹೋಯ್ತಂತಲ್ಲಮ್ಮ," ಎಂದರು.

ಹೌದು, ನಿಮ್ಮನ್ನು ಹುಡುಕಿದೆವು, ಗುರುವಾರಗಳಲ್ಲೂ ನಿಮಗಾಗಿ ಕಾಯುತ್ತಿದ್ದೆವು, ಸಾಹುಕಾರರ ಜಗಲಿಗೆ ನೀವು ಬರಲೇ ಇಲ್ಲ ಎಂದೆ.

ಚಿತ್ತಯ್ಯ ನನ್ನ ಮುಖವನ್ನೇ ನೋಡಿದರು. "ಬಂದಿದ್ನಲ್ಲಮ್ಮ. ದಸರಾ ರಜಕ್ಕೆ ಬಂದಾಗ ಕೂಸು ಯೋಳಿತ್ತು, ಗುರ್ವಾರ ಬಾರಪ್ಪ ಅಂತ. ಹೋಗಿದ್ದೆ. ಕುರಿ ನಾತ ಹೊಡೀತೀಯ, ಆಚೆ ನಿಂತ್ಕೊ, ಕರೀತೀವಿ ಅಂದ್ರು. ನಿಂತ್ಕೊಂಡೆ. ಒಳ್ಗೆ ಗಂಟೆ ಹೊಡೀತು, ಅದ್ಯಾರೋ ಎತ್ತಿ, ಯಾರೂ ಬಂದಿಲ್ಲ ಅಂದ್ರು. ಅದು ನಂಗೇ ಬಂದಿದ್ದು ಅಂತ ಗೊತ್ತಾಗ್ಲಿಲ್ಲ ಕಣಮ್ಮ. ಇನ್ನೂ ಎಲ್ಡು ವಾರ ಹೋಗಿ ಅಂಗೇ ನಿಂತು ಬಂದೆ."

ನನ್ನ ಕೈ ಬೋರ್ಡಿನ ಮೇಲೆ ಹೇಗೆ ಹೋಯಿತೋ ಗೊತ್ತಿಲ್ಲ. ಶಿರಾ ಎಂದೆ. ಅಮೀರ್ ಸಾಬರು ಎತ್ತಿದರು. ಆ ಸಾಹುಕಾರರ ಫೋನು ಕೊಡಿ ಎಂದೆ. ನನ್ನ ದನಿ ಕೇಳಿಯೇ ಅವರು ಮರುಮಾತಿಲ್ಲದೆ ಕೊಟ್ಟರು. ಹಲೋ, ಯಾರಮ್ಮಾ ಎಂದು ಸಾಹುಕಾರರ ಗತ್ತಿನ ದನಿ ಬಂತು. ಲೈನು ನೋಡಲು ಇಟ್ಟಿದ್ದ ಇನ್ನೊಂದು ಫೋನನ್ನು ಚಿತ್ತಯ್ಯನ ಕೈಗೆ ಕೊಟ್ಟೆ. ಯಾವ ತುದಿ ಕಿವಿಗೆ, ಯಾವ ತುದಿ ಬಾಯಿಗೆ ಎಂದು ತೋರಿಸಿದೆ.

"ನಾನು ಚಿತ್ತಯ್ಯ, ಸ್ವಾಮಿ," ಎಂದರು. "ಕರಿಯಮ್ಮನಪ್ಪ. ಆಚೆ ನಿಂತಿದ್ನಲ್ಲ, ಅವ್ನು."

ಆ ಕಡೆ ಉಸಿರಾಟ ಕೇಳುತ್ತಿತ್ತು, ಉತ್ತರ ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡು ಚಿತ್ತಯ್ಯ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಅದನ್ನೇ ಹೇಳಿದರು. ಬೇರೆ ಕರೆಗಳ ಮುಚ್ಚಳಗಳು ಒಂದರ ಹಿಂದೊಂದು ಟಕಟಕ ಬೀಳುತ್ತಿದ್ದವು. ನಾನು ತಂತಿ ಕೀಳಲಿಲ್ಲ.